ನಾಲ್ಕು ಮಂದಿ ಓದಿ ನಾಲ್ಕು ಥರ ಹೇಳಿದ್ರ ಲೇಖನ ತಿದ್ದೋದು ಹ್ಯಾಂಗ?

ಮಾಂಜ್ರಾದಂಡಿ, ಬೀದರ್

ಕಪ್ಪು ಲೋಹದಾಗ ಬೆಳ್ಳಿ ಕೂರಿಸೋ ಬಿದ್ರಿ ಕಲೆ ಮ್ಯಾಲೆ ಒಂದು ಲೇಖನ ಬರದೀನಿ, ಜಾಲಪತ್ರಿಕೆಗೆ ಕಳಸಬೇಕು. ಅವರು ಕೇಳಿದ್ದು 1,200 ಪದದ ಒಳಗ, ನಂದು 1,740 ಆಗ್ಯಾದ. ಕಳಸೋಕಿಂತ ಮೊದಲು ಬರವಣಿಗೆ ಮಾಡೋ ನಾಲ್ಕು ಮಂದಿ ಗೆಳೆಯರಿಗೆ ವಾಟ್ಸಾಪಿನಾಗ ಫೈಲ್ ಹಾಕಿ "ಓದಿ ಅಭಿಪ್ರಾಯ ಹೇಳ್ರಿ" ಅಂದೆ. ಬಂದದ್ದು ಇಷ್ಟು:

ಮೊದಲನೇದವರು: "ಚೊಲೋ ಅದ. ಹಿಂಗೇ ಬರೀತಿರ್ರಿ."
ಎರಡನೇದವರು: "ಇತಿಹಾಸ ಭಾಳ ಆಯ್ತು. ಅರ್ಧಕ್ಕೇ ಬ್ಯಾಸರ ಬಂತು."
ಮೂರನೇದವರು: "ಇತಿಹಾಸ ಇನ್ನಷ್ಟು ಬೇಕಿತ್ತು. ಬಿದ್ರಿ ಬೀದರಿಗೆ ಹ್ಯಾಂಗ ಬಂತು ಅನ್ನೋದೇ ತಿಳೀಲಿಲ್ಲ."
ನಾಲ್ಕನೇದವರು ಏನೂ ಹೇಳಿಲ್ಲ, ಫೈಲಿನಾಗೇ ತಿದ್ದಿ ವಾಪಸ್ ಕಳಿಸ್ಯಾರ. ಎಲ್ಲೆಲ್ಲಿ ತಿದ್ಯಾರ ಅನ್ನೋದೂ ಗೊತ್ತಾಗವಲ್ದು.

ಪ್ಯಾರಾ ಲೆಕ್ಕ ಹಿಂಗದ: ಪೀಠಿಕೆ 95 ಪದ, ಇತಿಹಾಸ ನಾಲ್ಕು ಪ್ಯಾರಾ 610, ತಯಾರಿಸೋ ವಿಧಾನ ಒಂದೇ ಪ್ಯಾರಾ 140, ಕೋಟೆ ಮಣ್ಣಿನ ಕಥಿ 210, ವಿನ್ಯಾಸಗಳು 260, ಜಿಐ (ಭೌಗೋಳಿಕ ಗುರುತು) ಮತ್ತ ಪ್ರಶಸ್ತಿ 150, ಇವತ್ತಿನ ಸ್ಥಿತಿ 190, ಮುಕ್ತಾಯ 85.

ಪೀಠಿಕೆ ಇದು:

"ಭವ್ಯ ಭಾರತದ ಶ್ರೀಮಂತ ಸಾಂಸ್ಕೃತಿಕ ಪರಂಪರೆಯಲ್ಲಿ ಕರಕುಶಲ ಕಲೆಗಳಿಗೆ ವಿಶಿಷ್ಟ ಸ್ಥಾನವಿದೆ. ಅಂತಹ ಕಲೆಗಳಲ್ಲಿ ಬಿದ್ರಿಯೂ ಒಂದು. ಗಡಿ ಜಿಲ್ಲೆ ಬೀದರ್ ಐತಿಹಾಸಿಕವಾಗಿ ಪ್ರಸಿದ್ಧವಾಗಿದ್ದು, 14ನೇ ಶತಮಾನದಲ್ಲಿ, ಅಂದರೆ 1424ರಲ್ಲಿ, ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಆಗ ಇರಾನಿನಿಂದ ಬಂದ ಅಬ್ದುಲ್ಲಾ ಬಿನ್ ಕೈಸರ್ ಈ ಕಲೆಯನ್ನು ಪರಿಚಯಿಸಿದನು. ಇತ್ತೀಚೆಗೆ ಈ ಕಲೆಗೆ ಪದ್ಮಶ್ರೀ ಗೌರವವೂ ದೊರೆತಿರುವುದು ಜಿಲ್ಲೆಗೆ ಹೆಮ್ಮೆಯ ಸಂಗತಿಯಾಗಿದೆ…"

ತಯಾರಿಸೋ ವಿಧಾನದಾಗ ಮುಖ್ಯ ಭಾಗ:

"ತಾಮ್ರ ಮತ್ತು ಸತುವನ್ನು 16:1 ಪ್ರಮಾಣದಲ್ಲಿ 1,085 ಡಿಗ್ರಿಗೆ ಕರಗಿಸಿ ಅಚ್ಚಿಗೆ ಹೊಯ್ಯಲಾಗುತ್ತದೆ. ನಂತರ ಉಜ್ಜಿ ನಯಗೊಳಿಸಿ, ಕಪ್ಪು ಮಾಡಿ, ತೆಹನಿಶಾನ್ ಅಥವಾ ತಾರ್‌ಕಶಿ ವಿಧಾನದಲ್ಲಿ ಕೆತ್ತಿ ಬೆಳ್ಳಿಯನ್ನು ಕೂರಿಸಲಾಗುತ್ತದೆ. ಕೋಟೆಯ ಮಣ್ಣಿನ ಮಾಂತ್ರಿಕ ಗುಣದಿಂದ ಪಾತ್ರೆಗೆ ಶಾಶ್ವತ ಕಪ್ಪು ಬಣ್ಣ ಬರುತ್ತದೆ."

ಎರಡನೇದವರ ಮಾತು ಕೇಳಲೋ, ಮೂರನೇದವರದ್ದೋ? 540 ಪದ ಎಲ್ಲಿಂದ ತಗೀಲಿ? ಮುಂದಿನ ಸಲ ಕೊಡೋವಾಗ ಹ್ಯಾಂಗ ಕೇಳಿದ್ರ ಕೆಲಸಕ್ಕ ಬರೋ ಮಾತು ಬರ್ತಾವ?


ಕಾಗಿಣಾ, ಕಲಬುರಗಿ

ಎರಡನೆಯವರೂ ಮೂರನೆಯವರೂ ಒಬ್ಬರಿಗೊಬ್ಬರು ವಿರುದ್ಧ ಹೇಳಿಲ್ಲ. ಇಬ್ಬರೂ ಒಂದೇ ಕಲ್ಲಿಗೆ ಎಡವಿದ್ದಾರೆ. ನಿಮ್ಮ ಲೆಕ್ಕದಲ್ಲೇ ಅದು ಕಾಣುತ್ತದೆ: ಇತಿಹಾಸಕ್ಕೆ 610 ಪದ, ಅಂದರೆ ಲೇಖನದ ಶೇ. 35. ಆದರೂ ಒಬ್ಬರಿಗೆ ಬಿದ್ರಿ ಬೀದರಿಗೆ ಬಂದ ಬಗೆ ತಿಳಿಯಲಿಲ್ಲ. ಆ 610 ಪದಗಳಲ್ಲಿ ಸುಲ್ತಾನರ ಪಟ್ಟಿ ಇದೆ, ಕಸುಬಿನ ಇತಿಹಾಸ ಇಲ್ಲ ಅಂತ ಅರ್ಥ. ಬ್ಯಾಸರ ಬಂದವರಿಗೆ ಬಂದದ್ದೂ ಅದೇ ಪಟ್ಟಿಯಿಂದ. ರಾಜವಂಶದ ಪ್ರತಿ ವಾಕ್ಯದ ಪಕ್ಕ "ಇದರಿಂದ ಬಿದ್ರಿಗೆ ಏನಾಯಿತು?" ಅಂತ ಬರೆಯಿರಿ. ಉತ್ತರ ಇಲ್ಲದ ವಾಕ್ಯ ಹೋಗಲಿ. 610 ಇದ್ದದ್ದು 220ಕ್ಕೆ ಇಳಿಯುತ್ತದೆ, ಮೂರನೆಯವರಿಗೆ ಬೇಕಾದದ್ದೂ ಸಿಗುತ್ತದೆ.

ಇದನ್ನು ಎಲ್ಲ ಅಭಿಪ್ರಾಯಗಳಿಗೂ ಹಚ್ಚಬಹುದು. ಓದಿದವರು ಎಲ್ಲಿ ನಿಂತರು ಅನ್ನೋದನ್ನು ನಂಬಿ, ವಾದಕ್ಕೆ ಇಳಿಯಬೇಡಿ. ಏನು ಮಾಡಬೇಕು ಅಂತ ಅವರು ಕೊಡುವ ಮದ್ದನ್ನು ಮಾತ್ರ ಪರೀಕ್ಷೆ ಮಾಡಿ. ತೊಡಕು ಎಷ್ಟೋ ಸಲ ಅವರು ಬೆರಳು ಇಟ್ಟ ಜಾಗಕ್ಕಿಂತ ಒಂದೆರಡು ಪ್ಯಾರಾ ಹಿಂದೆ ಇರುತ್ತದೆ. ವಿನ್ಯಾಸದ ಭಾಗ ಕಷ್ಟ ಅಂತ ಯಾರಾದರೂ ಹೇಳಿದರೆ ವಿನ್ಯಾಸದ ಭಾಗ ಸರಳ ಮಾಡಲು ಹೋಗಬೇಡಿ. ತೆಹನಿಶಾನ್ ಅಂದರೆ ಬೆಳ್ಳಿಯ ತಗಡು ಕೂರಿಸುವುದು, ತಾರ್‌ಕಶಿ ಅಂದರೆ ತಂತಿ ಕೂರಿಸುವುದು ಅಂತ ಅದಕ್ಕೂ ಮೊದಲೇ, ವಿಧಾನದ ಪ್ಯಾರಾದಲ್ಲಿ, ಹೇಳಿಲ್ಲ. ಕಷ್ಟ ಅಲ್ಲಿಂದ ಶುರು.

ಈಗ ಕೇಳುವ ರೀತಿ. "ಅಭಿಪ್ರಾಯ ಹೇಳ್ರಿ" ಅಂದರೆ ಮರ್ಯಾದಸ್ಥರು "ಚೊಲೋ ಅದ" ಅಂತಲೇ ಹೇಳುತ್ತಾರೆ, ಮತ್ತೇನು ಹೇಳಬೇಕು ಪಾಪ. ನಾಲ್ವರಿಗೂ ಒಂದೇ ದಿನ ಒಂದೇ ಫೈಲು ಕೊಟ್ಟದ್ದು ಇನ್ನೊಂದು ತಪ್ಪು. ಮೂರು ಸುತ್ತು ಮಾಡಿ.

ಮೊದಲ ಸುತ್ತು ಕಟ್ಟಡದ್ದು. ಬಿದ್ರಿ ಬಗ್ಗೆ ಏನೂ ಗೊತ್ತಿಲ್ಲದ ಇಬ್ಬರು ಸಾಕು, ಬೀದರಿನವರಲ್ಲದಿದ್ದರೆ ಇನ್ನೂ ಒಳ್ಳೆಯದು. ಅವರಿಗೆ ಮೂರೇ ಪ್ರಶ್ನೆ: ಓದುವುದನ್ನು ಬಿಟ್ಟುಬಿಡಬೇಕು ಅನ್ನಿಸಿದ ಮೊದಲ ಜಾಗ ಯಾವುದು? ಎರಡು ಸಲ ಓದಬೇಕಾದ ವಾಕ್ಯ ಯಾವುದು? ಲೇಖನ ಮುಚ್ಚಿಟ್ಟು, ಅದರಲ್ಲಿ ಏನಿತ್ತು ಅಂತ ಎರಡು ಸಾಲಿನಲ್ಲಿ ಹೇಳಿ. ಮೂರನೇ ಪ್ರಶ್ನೆಯೇ ಮುಖ್ಯ. "ಬೀದರಿನ ಇತಿಹಾಸ ಇತ್ತು" ಅಂತ ಉತ್ತರ ಬಂದರೆ ನೀವು ಬಿದ್ರಿ ಮೇಲೆ ಬರೆದೇ ಇಲ್ಲ.

ಎರಡನೆಯದು ಸಂಗತಿಯ ಸುತ್ತು. ಕಸುಬು ಬಲ್ಲವರು ಒಬ್ಬರು. ಮೂರನೆಯದು ಭಾಷೆಯದು, ಅದೂ ಒಬ್ಬರೇ. ಈ ಕ್ರಮ ತಿರುಗಿಸಬೇಡಿ. ಭಾಷೆ ಮೊದಲು ತಿದ್ದಿಸಿದರೆ, ಮುಂದೆ ಕಿತ್ತು ಹಾಕಬೇಕಾದ ವಾಕ್ಯಕ್ಕೆ ಸುಣ್ಣ ಬಳಿದ ಹಾಗೆ. ಚಂದ ಆದ ಮೇಲೆ ಅದನ್ನು ಕೀಳಲು ಮನಸ್ಸೂ ಬರುವುದಿಲ್ಲ. ನಾಲ್ಕನೆಯ ಗೆಳೆಯರ ಶ್ರಮ ವ್ಯರ್ಥ ಆಗಿದ್ದು ಹೀಗೆಯೇ, ಅವರ ತಪ್ಪಲ್ಲ.

ಒಂದೊಂದು ಸುತ್ತಿಗೂ ಮೂರು ದಿನದ ಗಡುವು ಕೊಡಿ. ಗಡುವಿಲ್ಲದ ಫೈಲು ವಾಟ್ಸಾಪಿನಲ್ಲಿ ಕೆಳಗೆ ಸರಿದು ಹೋಗುತ್ತದೆ. ಫೈಲಿನ ತಲೆಯ ಮೇಲೆ ಎರಡು ಸಾಲು ಇರಲಿ: ಯಾವ ಪತ್ರಿಕೆಗೆ, ಎಷ್ಟು ಪದ, ಯಾರು ಓದುವವರು, ಈ ಸುತ್ತಿನಲ್ಲಿ ಏನು ನೋಡಬಾರದು. "ಕಾಗುಣಿತ ಈಗ ಬೇಡ" ಅಂತ ಬರೆಯದಿದ್ದರೆ ಎಲ್ಲರೂ ಮೊದಲು ಕಾಗುಣಿತಕ್ಕೇ ಕೈ ಹಾಕುತ್ತಾರೆ. ಅದು ಸುಲಭ.

ಪದಗಳ ಹಂಚಿಕೆ ಹೀಗೆ ಮಾಡಿ ನೋಡಿ: ಪೀಠಿಕೆ 60, ವಿಧಾನ 360, ಮಣ್ಣಿನ ವಿಷಯ ಅದೇ ಭಾಗಕ್ಕೆ ಸೇರಿಸಿ ಇನ್ನೂ 120, ಇತಿಹಾಸ 220, ವಿನ್ಯಾಸ 180, ಜಿಐ ಮತ್ತು ಪ್ರಶಸ್ತಿ 60, ಇವತ್ತಿನ ಸ್ಥಿತಿ 180. ಒಟ್ಟು 1,180. ಮುಕ್ತಾಯದ 85 ಪದ ಪೂರ್ತಿ ಹೋಯಿತು. "ಈ ಕಲೆಯನ್ನು ಉಳಿಸಿ ಬೆಳೆಸುವುದು ನಮ್ಮೆಲ್ಲರ ಕರ್ತವ್ಯ" ಅನ್ನುವ ಥರದ್ದು ಅಲ್ಲಿ ಇದ್ದಿರಬೇಕು, ಓದದೆಯೇ ಹೇಳಬಲ್ಲೆ. ಈಗ ವಿಧಾನಕ್ಕೆ ಇರುವುದು 140 ಪದ, ಶೇ. 8. ಬಿದ್ರಿ ಅಂತ ಹುಡುಕಿಕೊಂಡು ಬಂದವರಿಗೆ ಬೇಕಾದದ್ದು ಅದೇ ಭಾಗ.


ಚೌಬಾರಾ, ಬೀದರ್

ಕಾಗಿಣಾ ಅವರು ಹೇಳಿದ್ದೆಲ್ಲ ಖರೆ. ಆದ್ರ ನಾಲ್ಕು ಮಂದ್ಯಾಗ ಒಬ್ಬರೂ ಸಂಗತಿ ತಪ್ಪು ಹಿಡಿದಿಲ್ಲಲ್ರಿ! ಎರಡು ಪ್ಯಾರಾದಾಗೇ ಇಷ್ಟು ಸಿಕ್ಕಾವ.

16:1 ತಲೆಕೆಳಗಾಗ್ಯಾದ. ಸಾಮಾನ್ಯವಾಗಿ ಹೇಳೋ ಲೆಕ್ಕ ಸತು 16 ಪಾಲು, ತಾಮ್ರ 1 ಪಾಲು. ಅಂದ್ರ ಸತು ಸುಮಾರು ಶೇ. 94. ನೀವು ಬರೆದ ಪ್ರಕಾರ ಮಾಡಿದ್ರ ಶೇ. 94 ತಾಮ್ರ ಆಗ್ತದ, ಕೆಂಪನೆ ಲೋಹ ಬರ್ತದ, ಅದು ಬಿದ್ರಿ ಅಲ್ಲ. ಇದಕ್ಕ ಕಾರಣ ಕನ್ನಡದ ವಾಕ್ಯನೇ: "ತಾಮ್ರ ಮತ್ತು ಸತು" ಅನ್ನೋದು ಬಾಯಿಗೆ ಸಲೀಸು, ಅಂಕಿ ಬ್ಯಾರೆ ಕಡೆಯಿಂದ ಬರ್ತದ, ಎರಡೂ ಕೂಡಿಸುವಾಗ ಜಾಗ ಅದಲುಬದಲು. ಅದಕ್ಕ ಅನುಪಾತದ ಚಿಹ್ನೆನೇ ಬ್ಯಾಡ. "ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ" ಅಂತ ಬರೀರಿ, ತಪ್ಪಬೇಕಂದ್ರೂ ತಪ್ಪಂಗಿಲ್ಲ. ಪಾಕ ಒಬ್ಬೊಬ್ಬರ ಕೈಯಾಗ ಸ್ವಲ್ಪ ಹೆಚ್ಚುಕಮ್ಮಿ ಇರ್ತದ, "ಸುಮಾರು" ಅನ್ನೋದು ಸೇರಿಸ್ರಿ.

1,085 ಡಿಗ್ರಿ ತಾಮ್ರ ಕರಗೋ ಬಿಂದು. ಸತು 419ಕ್ಕೇ ಕರಗ್ತದ, 907ಕ್ಕ ಕುದ್ದು ಆವಿ ಆಗ್ತದ. ಹದಿನಾರು ಪಾಲು ಸತು ಇರೋ ಮೂಸಿ 1,085ಕ್ಕ ಕಾಸಿದ್ರ ಉಳಿಯೋದೇನ್ರಿ? ಕರಗಿದ ಸತುವಿನಾಗ ತಾಮ್ರ ಬೆರೀತದ ಅಂದ್ರ ಸಾಕು. ನೋಡದೇ ಇರೋ ಉಷ್ಣತೆ ಅಂಕಿ ಬರೀಬ್ಯಾಡ್ರಿ.

ಕಪ್ಪು ಮಾಡೋದು ಎರಡು ಸಲ. ನಿಮ್ಮ ಪ್ಯಾರಾದಾಗ ಎರಡೂ ಕಲಸಿಹೋಗ್ಯಾವ, ಓದವರಿಗೆ "ಒಮ್ಮೆ ಕಪ್ಪು ಮಾಡಿದ ಮ್ಯಾಲ ಮತ್ತ ಮಣ್ಣು ಯಾಕ?" ಅನ್ನಸ್ತದ. ಮೊದಲನೇದು ತಾತ್ಕಾಲಿಕ: ಉಜ್ಜಿ ನಯ ಮಾಡಿದ ಮ್ಯಾಲ ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು ಹಚ್ತಾರ, ಮೈ ಕಪ್ಪಾಗ್ತದ. ಆಗ ಚೂಪು ಮೊನೆಯಿಂದ ಗೆರಿ ಎಳೆದ್ರ ಬೆಳ್ಳಗೆ ಎದ್ದು ಕಾಣ್ತದ, ಸ್ಲೇಟಿನ ಮ್ಯಾಲ ಬಳಪ ಎಳೆದಂಗ. ಆ ಗೆರಿ ಮ್ಯಾಲ ಉಳಿ ಹಿಡಿದು ಕೊರೀತಾರ, ಬೆಳ್ಳಿ ಕೂರಸ್ತಾರ, ಮತ್ತ ಉಜ್ಜತಾರ. ಆ ಉಜ್ಜೋದ್ರಾಗ ಮೊದಲಿನ ಕಪ್ಪು ಪೂರಾ ಹೋಗಿಬಿಡ್ತದ. ಆ ಹಂತದಾಗ ಬೆಳ್ಳಿ ಯಾವುದು, ಲೋಹ ಯಾವುದು ಗುರುತು ಹಿಡಿಯೋದೇ ಕಷ್ಟ. ಕಡೀಗೆ ಸಾಮಾನು ಬೆಚ್ಚಗೆ ಮಾಡಿ, ಕೋಟೆ ಮಣ್ಣು ಮತ್ತ ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿದ್ದು ತಿಕ್ತಾರ. ಸತುವಿನ ಮೈ ಕರ್ರಗಾಗ್ತದ, ಬೆಳ್ಳಿಗೆ ಏನೂ ಆಗಲ್ಲ. ತೊಳೆದು ಎಣ್ಣಿ ಸವರಿದ ಮ್ಯಾಲ ಆ ಕಪ್ಪಿಗೆ ಹೊಳಪು.

"ಮಾಂತ್ರಿಕ ಗುಣ" ತಗೀರಿ. ನವಸಾಗರದ ಹೆಸರೇ ಇಲ್ದೇ ಎಲ್ಲಾ ಮಣ್ಣಿನ ಮ್ಯಾಲೆ ಹಾಕೀರಿ. ಮಳಿ ಬಿಸಿಲು ತಾಗದ ಜಾಗದ ಮಣ್ಣೇ ಬೇಕು ಅಂತ ಕುಶಲಕರ್ಮಿಗಳು ಹೇಳ್ತಾರ, ನಾಲಿಗೆ ಮ್ಯಾಲ ಇಟ್ಟು ರುಚಿ ನೋಡಿ ಆರಸ್ತಾರ. ಮಾಂತ್ರಿಕಕ್ಕಿಂತ ಇದೇ ಸ್ವಾರಸ್ಯ ಅದ.

"14ನೇ ಶತಮಾನದಲ್ಲಿ, ಅಂದರೆ 1424ರಲ್ಲಿ" ಅನ್ನೋದು ಒಂದೇ ವಾಕ್ಯದಾಗ ಎರಡು ಬ್ಯಾರೆ ಕಾಲ. 1424 ಅಂದ್ರ 15ನೇ ಶತಮಾನ. ಮತ್ತ ರಾಜಧಾನಿ ಬದಲಾದ ವರ್ಷ ಒಂದೊಂದು ಪುಸ್ತಕದಾಗ ಒಂದೊಂದು ಕೊಡ್ತಾರ. "ಅಹ್ಮದ್ ಶಾಹನ ಆಳ್ವಿಕೆಯಲ್ಲಿ (1422–36) ರಾಜಧಾನಿ ಕಲಬುರಗಿಯಿಂದ ಬೀದರಿಗೆ ಬಂತು" ಅಂದ್ರ ಯಾರೂ ಜಗಳಕ್ಕ ಬರಂಗಿಲ್ಲ.

ಅಬ್ದುಲ್ಲಾ ಬಿನ್ ಕೈಸರ್ ಕಥಿ ಬಾಯಿಂದ ಬಾಯಿಗೆ ಬಂದದ್ದು. ಇರಲಿ, ಆದ್ರ "ಪರಿಚಯಿಸಿದನು" ಬ್ಯಾಡ, "ತಂದ ಎಂಬ ಮಾತು ಇದೆ" ಅನ್ರಿ. ಪದ್ಮಶ್ರೀ ಕಲೆಗೆ ಕೊಡಂಗಿಲ್ಲ, ವ್ಯಕ್ತಿಗೆ ಕೊಡ್ತಾರ: 2023ರಾಗ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಬಂತು. ಕಲೆಗೆ ಸಿಕ್ಕಿದ್ದು ಭೌಗೋಳಿಕ ಗುರುತು, 2006ರಾಗ. "ಇತ್ತೀಚೆಗೆ" ಅನ್ನೋ ಪದ ಜಾಲದ ಲೇಖನದಾಗ ಬಳಸಲೇಬ್ಯಾಡ್ರಿ, ಐದು ವರ್ಷ ಬಿಟ್ಟು ಓದವರಿಗೆ ಅದು ಸುಳ್ಳು.

ಸಂಗತಿ ಸುತ್ತಿಗೆ ಒಂದು ಮಾತು. ಲೇಖನದಾಗಿನ ಪ್ರತಿ ಅಂಕಿ, ವರ್ಷ, ಹೆಸರು, ವಸ್ತು ಗೆರಿ ಎಳೆದು ಪಟ್ಟಿ ಮಾಡ್ರಿ, ಪಕ್ಕದಾಗ ಎಲ್ಲಿಂದ ಬಂತು ಅಂತ ಬರೀರಿ. ಪಕ್ಕದಾಗ ಖಾಲಿ ಉಳಿದದ್ದು ಮೊದಲು ನೋಡ್ರಿ. ವಿಧಾನದ ಪ್ಯಾರಾ ಬಿದ್ರಿ ಕೆಲಸ ಮಾಡವರ ಮುಂದ ಗಟ್ಟಿಯಾಗಿ ಓದ್ರಿ. ಆದ್ರ "ಇದು ಸರಿ ಅದ ಏನ್ರಿ?" ಅಂತ ಕೇಳಬ್ಯಾಡ್ರಿ, ಮರ್ಯಾದಿಗೆ ಹೌದು ಅಂತಾರ. ಒಂದೊಂದು ಹಂತ ಓದಿ ನಿಲ್ಲಸ್ರಿ, "ಇದಾದ ಮ್ಯಾಲ ಏನು ಮಾಡ್ತೀರಿ?" ಅನ್ರಿ. ಅವರು ಹೇಳಿದ್ದೂ ನೀವು ಬರೆದದ್ದೂ ಕೂಡದೇ ಇದ್ದಲ್ಲಿ ತಪ್ಪು ಅದ. ಮಾತು ದಖನಿ ಉರ್ದುವಿನಾಗೇ ನಡೀತದ, ಹತಾರದ ಹೆಸರು ಅವರ ಬಾಯಾಗ ಹ್ಯಾಂಗ ಬರ್ತಾವ ಹಂಗೇ ಬರ್ಕೊಳ್ರಿ.


ಬಿಸಿಲಕ್ಷರ, ಯಾದಗಿರಿ

ಭಾಷೆಯ ಸುತ್ತು ನನ್ನ ಪಾಲಿಗೆ ಇರಲಿ.

ಪೀಠಿಕೆ ದೇಶದಿಂದ ಶುರುವಾಗಿ ಜಿಲ್ಲೆಗೆ ಬಂದು, ಅಲ್ಲಿಂದ ಶತಮಾನ ಹಿಂದೆ ಹೋಗಿ, ಮತ್ತೆ ಪದ್ಮಶ್ರೀಗೆ ಜಿಗಿಯುತ್ತದೆ. ಬಿದ್ರಿ ಅಂದರೆ ಏನು ಅಂತ ಮಾತ್ರ ಎಲ್ಲೂ ಹೇಳಿಲ್ಲ: ಲೋಹವೋ, ಬಟ್ಟೆಯೋ, ಬೊಂಬೆಯೋ? ಬೀದರಿನವರಿಗೆ ಗೊತ್ತು. ಚಾಮರಾಜನಗರದವರು ಫೋನಿನಲ್ಲಿ ಓದುವಾಗ ಗೊತ್ತಿರಬೇಕಿಲ್ಲ. ಮೊದಲ ಎರಡು ವಾಕ್ಯದಲ್ಲಿ "ಬಿದ್ರಿ" ತೆಗೆದು "ಇಳಕಲ್ ಸೀರೆ" ಅಂತ ಹಾಕಿ ನೋಡಿ. ವಾಕ್ಯ ಹಾಗೇ ನಿಲ್ಲುತ್ತದೆ. ಯಾವ ಕಲೆಗೆ ಬೇಕಾದರೂ ಹೊಂದುವ ವಾಕ್ಯ ನಿಮ್ಮ ಕಲೆಯದಲ್ಲ.

ಒಳ್ಳೆಯ ಆರಂಭ ಚೌಬಾರಾ ಅವರ ಉತ್ತರದೊಳಗೆ ಅಡಗಿ ಕೂತಿದೆ: ಬೆಳ್ಳಿ ಯಾವುದು ಲೋಹ ಯಾವುದು ಗುರುತು ಸಿಗದ ಆ ಹಂತ. ಅಲ್ಲಿಂದ ಶುರು ಮಾಡಿ. ನಾನು ಬರೆದು ಕೊಡುವುದಿಲ್ಲ, ಕೊಟ್ಟರೆ ಅದು ನನ್ನ ದನಿಯಾಗುತ್ತದೆ. ಗೆಳೆಯರ ಲೇಖನ ಓದುವವರಿಗೂ ಇದು ಗೊತ್ತಿರಬೇಕು. ವಾಕ್ಯ ಬದಲಿಸಿ ಕೊಡುವುದಕ್ಕಿಂತ "ಇಲ್ಲಿ ಯಾರು ಮಾಡುತ್ತಿದ್ದಾರೆ ಅಂತ ಕಾಣುತ್ತಿಲ್ಲ" ಅಂತ ಅಂಚಿನಲ್ಲಿ ಬರೆದರೆ ಸಾಕು.

ಯಾರು ಅನ್ನುವುದು ನಿಜವಾಗಿಯೂ ಕಾಣುತ್ತಿಲ್ಲ. "ಹೊಯ್ಯಲಾಗುತ್ತದೆ", "ಕೂರಿಸಲಾಗುತ್ತದೆ": "ಲಾಗುತ್ತದೆ" ಬಂದಲ್ಲೆಲ್ಲ ಮನುಷ್ಯರು ಮಾಯ. ಎರಕ ಹೊಯ್ಯುವವರು ಬೇರೆ, ಕೆತ್ತುವವರು ಬೇರೆ ಇರಬಹುದು. "ಎರಕದವರು ಹೊಯ್ಯುತ್ತಾರೆ" ಅಂತ ಬರೆಯಲು ಹೋದಾಗ ಅದು ನಿಮಗೇ ತಿಳಿದಿಲ್ಲ ಅಂತ ಬಯಲಾಗುತ್ತದೆ, ಹೋಗಿ ಕೇಳಬೇಕಾಗುತ್ತದೆ. "ಲಾಗುತ್ತದೆ", "ಲಾಗಿದೆ", "ಲ್ಪಟ್ಟ" ಈ ಮೂರನ್ನು ಫೈಲಿನಲ್ಲಿ ಹುಡುಕಿ ಎಣಿಸಿ. 1,200 ಪದಕ್ಕೆ ಐದಾರು ಇದ್ದರೆ ತೊಂದರೆ ಇಲ್ಲ.

ವಿಶೇಷಣಗಳಲ್ಲಿ "ಭವ್ಯ, ಶ್ರೀಮಂತ, ವಿಶಿಷ್ಟ, ಪ್ರಸಿದ್ಧ, ಹೆಮ್ಮೆಯ". ಒಂದು ಪ್ಯಾರಾದಲ್ಲಿ ಐದು. ಐದನ್ನೂ ತೆಗೆದು ಓದಿ, ಅರ್ಥ ಏನೂ ಕಮ್ಮಿ ಆಗುವುದಿಲ್ಲ.

ಇನ್ನು "ಗಡಿ ಜಿಲ್ಲೆ". ಯಾರಿಗೆ ಗಡಿ? ಬೆಂಗಳೂರಿನಿಂದ ನೋಡಿದವರಿಗೆ ತಾನೇ. ಬೀದರಿನಲ್ಲಿ ಕೂತು ಬೀದರ್ ಬಗ್ಗೆ ಬರೆಯುವವರು ಅದನ್ನು ಯಾಕೆ ಹೊರಬೇಕು? "ಬಿಸಿಲ ನಾಡು", "ಹಿಂದುಳಿದ ಭಾಗ" ಇವೂ ಅದೇ ಸಾಲಿನವು. ಬೇರೆ ಕಡೆಯ ಗೆಳೆಯರು ತಿದ್ದುವಾಗ ಇವನ್ನು ಸೇರಿಸುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಸೇರಿಸಿದ್ದನ್ನೆಲ್ಲ ಒಪ್ಪಬೇಕಾಗಿಲ್ಲ. ಹೆಸರಿನ ವಿಷಯದಲ್ಲೂ ಎಚ್ಚರ: 2014ರ ನವೆಂಬರ್ 1ರಿಂದ ಗುಲ್ಬರ್ಗದ ಅಧಿಕೃತ ಹೆಸರು ಕಲಬುರಗಿ, 2019ರಿಂದ ಹೈದರಾಬಾದ್ ಕರ್ನಾಟಕ ಭಾಗದ ಹೆಸರು ಕಲ್ಯಾಣ ಕರ್ನಾಟಕ. ಇತಿಹಾಸದ ಪ್ಯಾರಾದಲ್ಲಿ ಒಂದು ಕಡೆ ಗುಲ್ಬರ್ಗ, ಇನ್ನೊಂದು ಕಡೆ ಕಲಬುರಗಿ ಅಂತ ಬಂದರೆ ಎರಡು ಊರು ಅಂದುಕೊಳ್ಳುವವರೂ ಇದ್ದಾರೆ.

ಒಂದು ಮಾತಿಗೆ ಮಾತ್ರ ಕಾಗಿಣಾ ಅವರೊಂದಿಗೆ ನನ್ನ ತಕರಾರು. ಮೊದಲ ಸುತ್ತಿಗೆ ಹೊರಗಿನವರೇ ಒಳ್ಳೆಯದು ಅಂದಿರಿ. ಇಬ್ಬರೂ ಹೊರಗಿನವರಾದರೆ ಲೇಖನ ಪ್ರವಾಸಿ ಮಾಹಿತಿಯ ಕಡೆಗೆ ಜಾರುತ್ತದೆ. "ಹೇಗೆ ಹೋಗಬೇಕು, ಎಷ್ಟು ರೇಟು, ಎಲ್ಲಿ ಸಿಗುತ್ತದೆ" ಅಂತಲೇ ಕೇಳುತ್ತಾರೆ. ಒಬ್ಬರು ಊರಿನವರಿರಲಿ.


ಕಾಗಿಣಾ, ಕಲಬುರಗಿ

ಒಪ್ಪಿದೆ. ಒಬ್ಬರು ಒಳಗಿನವರು, ಒಬ್ಬರು ಹೊರಗಿನವರು. ಆದರೆ ಇಬ್ಬರ ಟಿಪ್ಪಣಿ ಒಬ್ಬರಿಗೊಬ್ಬರು ಕಾಣದ ಹಾಗೆ ತರಿಸಿಕೊಳ್ಳಿ. ಗುಂಪಿನಲ್ಲಿ ಹಾಕಿದರೆ ಮೊದಲು ಮಾತಾಡಿದವರ ಹಿಂದೆ ಉಳಿದವರು ಹೋಗುತ್ತಾರೆ.


ಸೇಡಂರಸ್ತೆ, ಕಲಬುರಗಿ

ನಾಲ್ಕನೆಯವರ ತಿದ್ದುಪಡಿ ಹುಡುಕೋದು ಸುಲಭ. ಎರಡೂ ಫೈಲು ವರ್ಡಿನವಾದರೆ ರಿವ್ಯೂ ಟ್ಯಾಬಿನಲ್ಲಿ ಕಂಪೇರ್ ಒತ್ತಿ, ಹಳೆಯದು ಹೊಸದು ಎರಡನ್ನೂ ಕೊಡಿ. ಬದಲಾದದ್ದೆಲ್ಲ ಬಣ್ಣದಲ್ಲಿ ಬರುತ್ತದೆ. ಗೂಗಲ್ ಡಾಕ್ಸಿನಲ್ಲಿ ಟೂಲ್ಸ್ ಒಳಗೆ ಇದೇ ಸೌಲಭ್ಯ ಇದೆ. ಒಂದು ಷರತ್ತು: ಎರಡೂ ಯೂನಿಕೋಡಿನಲ್ಲಿ ಇರಬೇಕು. ಒಂದು ಹಳೆಯ ನುಡಿ ಫಾಂಟಿನಲ್ಲಿದ್ದು ಇನ್ನೊಂದು ಯೂನಿಕೋಡ್ ಆದರೆ ಪ್ರತಿ ಅಕ್ಷರವೂ ಬದಲಾಗಿದೆ ಅಂತ ತೋರಿಸುತ್ತದೆ.

ಮುಂದಿನ ಸಲ ಫೈಲು ಕಳಿಸಲೇಬೇಡಿ. ಡಾಕ್ಸಿಗೆ ಏರಿಸಿ, ಶೇರ್ ಮಾಡುವಾಗ ಎಡಿಟರ್ ಅನ್ನೋದರ ಬದಲು ಕಮೆಂಟರ್ ಆರಿಸಿ. ಆಗ ಅವರು ನೇರವಾಗಿ ತಿದ್ದಿದರೂ ಅದು ಸಲಹೆಯಾಗಿ ಮಾತ್ರ ನಿಲ್ಲುತ್ತದೆ, ಒಪ್ಪೋದು ಬಿಡೋದು ನಿಮ್ಮ ಕೈಯಲ್ಲಿ. ಪ್ರತಿ ಸುತ್ತಿಗೆ ಮೊದಲು ವರ್ಷನ್ ಹಿಸ್ಟರಿಯಲ್ಲಿ ಹೆಸರು ಕೊಟ್ಟಿಡಿ: "ಸುತ್ತು 1ಕ್ಕೆ ಮೊದಲು" ಅಂತ. ಇಲ್ಲದಿದ್ದರೆ "ಬಿದ್ರಿ ಫೈನಲ್", "ಬಿದ್ರಿ ಫೈನಲ್ ಹೊಸದು", "ಬಿದ್ರಿ ಖರೇ ಫೈನಲ್" ಗತಿ. ಮೊದಲ ಸುತ್ತಿಗೆ ಒಬ್ಬರದು ಇನ್ನೊಬ್ಬರಿಗೆ ಕಾಣಬಾರದು ಅಂದರೆ ಎರಡು ಪ್ರತಿ ಮಾಡಿ ಒಂದೊಂದು ಕೊಡಿ.

ನುಡಿಯಿಂದ ಯೂನಿಕೋಡಿಗೆ ಪರಿವರ್ತಿಸಿದ್ದರೆ ಅರ್ಕಾವೊತ್ತು ಬರುವ ಪದಗಳನ್ನು ಒಂದೊಂದಾಗಿ ನೋಡಿ: ಕರ್ನಾಟಕ, ವರ್ಷ, ಕಾರ್ಯ. ಒತ್ತು ಜಾಗ ಬಿಟ್ಟು ಕೂತಿರುತ್ತದೆ. ನಿಮ್ಮ ಲೇಖನದಲ್ಲೇ ಒಂದು ಅಪಾಯದ ಪದ ಇದೆ: ತಾರ್‌ಕಶಿ. ರ್ ಆದ ಮೇಲೆ ಕಾಣದ ಒಂದು ತಡೆ ಅಕ್ಷರ ಇದ್ದರೆ ಮಾತ್ರ ಹೀಗೆ ಬರುತ್ತದೆ, ಇಲ್ಲದಿದ್ದರೆ "ತಾರ್ಕಶಿ" ಆಗಿ ತರ್ಕಶಾಸ್ತ್ರದ ಪದದ ಹಾಗೆ ಕಾಣುತ್ತದೆ. ಒಂದೇ ಲೇಖನದಲ್ಲಿ ಎರಡೂ ಇದ್ದರೆ ಹುಡುಕುವಾಗ ಒಂದು ಸಿಕ್ಕು ಇನ್ನೊಂದು ತಪ್ಪಿಸಿಕೊಳ್ಳುತ್ತದೆ, ಎರಡನ್ನೂ ಬೇರೆ ಬೇರೆ ಹುಡುಕಿ. "ಬಿದ್ರಿ", "ಬಿದರಿ" ಸಹ ಹಾಗೇ. ಶೀರ್ಷಿಕೆಯಲ್ಲಿ ಒಂದನ್ನು ಇಟ್ಟುಕೊಳ್ಳಿ, ಇನ್ನೊಂದನ್ನು ಮೊದಲ ಪ್ಯಾರಾದೊಳಗೆ ಒಂದೇ ಒಂದು ಸಲ ಹೇಳಿ. ಹುಡುಕುವವರು ಎರಡೂ ಥರ ಟೈಪ್ ಮಾಡುತ್ತಾರೆ.

ಕೊನೆಗೆ ಫೋನಿನಲ್ಲಿ ತೆರೆದು ಓದಿ. 80 ಪದ ದಾಟಿದ ಪ್ಯಾರಾ ಪರದೆ ತುಂಬ ಒಂದೇ ಗೋಡೆ. ಚಿತ್ರದ ಅಡಿ "ಬಿದ್ರಿ ಕಲಾಕೃತಿ" ಅಂತ ಬರೆಯಬೇಡಿ, ಯಾವ ಹಂತ ಅಂತ ಬರೆಯಿರಿ: "ಮೈಲುತುತ್ತ ಹಚ್ಚಿದ ಮೇಲೆ ಗೆರೆ ಎಳೆಯುತ್ತಿರುವುದು". ಅಷ್ಟು ಬರೆದರೆ ವಿಧಾನದ ಭಾಗದಲ್ಲಿ ಎರಡು ವಾಕ್ಯ ಉಳಿಯುತ್ತದೆ. ರಂಗೀನ್ ಮಹಲಿನ ಫೋಟೋ ಹಾಕುವುದಾದರೆ ಅಡಿಬರಹ ಸರಿಯಾಗಿರಲಿ, ಅಲ್ಲಿ ಕಪ್ಪು ಕಲ್ಲಿನಲ್ಲಿ ಕೂರಿಸಿರುವುದು ಮುತ್ತಿನ ಚಿಪ್ಪು. ಬಿದ್ರಿ ಅಲ್ಲ.


ಮಾಂಜ್ರಾದಂಡಿ, ಬೀದರ್

ಎಲ್ಲರಿಗೂ ಶರಣು. ಕಂಪೇರ್ ಹಚ್ಚಿ ನೋಡಿದೆ, ನಾಲ್ಕನೇದವರು 63 ಕಡೆ ತಿದ್ಯಾರ. ಅದರಾಗ 41 ಕಡೆ ಕಿತ್ತುಹಾಕಬೇಕಾದ ಇತಿಹಾಸದ ಪ್ಯಾರಾಗಳೇ!

ಹೊಸ ಪೀಠಿಕೆ ಹಾಕಿನಿ, ನೋಡ್ರಿ:

"ಬೆಳ್ಳಿ ತಂತಿ ಅಂಟಿಸಿ, ಉಜ್ಜಿ ಮುಗಿಸಿದ ಬಿದ್ರಿ ಹೂಜಿಯಲ್ಲಿ ಬೆಳ್ಳಿ ಎಲ್ಲಿದೆ ಎಂದು ಹುಡುಕಬೇಕು. ಸತು ತುಂಬಿದ ಲೋಹವೂ ಬೂದು ಬಿಳಿ, ಬೆಳ್ಳಿಯೂ ಬಿಳಿ. ಆಮೇಲೆ ಕುಶಲಕರ್ಮಿ ಹೂಜಿಯನ್ನು ಬೆಚ್ಚಗೆ ಮಾಡಿ, ನವಸಾಗರ ಬೆರೆಸಿದ ಮಣ್ಣು ತಿಕ್ಕುತ್ತಾರೆ. ಲೋಹ ಕರ್ರಗಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಮಣ್ಣು ಬೀದರ್ ಕೋಟೆಯದು. ಬಿದರಿ ಎಂದೂ ಕರೆಯುವ ಈ ಕಲೆಯ ಅದ್ಭುತ ಇರುವುದು ಇಲ್ಲಿಯೇ."

ಇದೇ ಹಂಚಿಕೆಯಾಗ ಉಳಿದದ್ದು ಬರೀತೀನಿ. ಇನ್ನೊಂದು ಕೇಳಬೇಕಿತ್ತು: ಒಪ್ಪದ ಸಲಹೆ ಕೊಟ್ಟವರಿಗೆ ಏನು ಹೇಳಲಿ? ಎಲ್ಲರೂ ಹಿರಿಯರು, ಕಾರಣ ಕೊಡ್ತಾ ಕೂತ್ರ ಜಗಳ ಆಗ್ತದೇನೋ.


ಕಾಗಿಣಾ, ಕಲಬುರಗಿ

ಕಾರಣ ಕೊಡಬೇಡಿ. ಸಲಹೆ ಬಂದ ದಿನವೇ ಉತ್ತರವನ್ನೂ ಕೊಡಬೇಡಿ, "ಓದಿದೆ, ಕೆಲಸಕ್ಕೆ ಬಂತು" ಅಂದರೆ ಮುಗಿಯಿತು. ಪ್ರಕಟವಾದ ಮೇಲೆ ಕೊಂಡಿ ಕಳಿಸುವಾಗ, ಅವರ ಯಾವ ಮಾತಿನಿಂದ ಯಾವ ಪ್ಯಾರಾ ಬದಲಾಯಿತು ಅಂತ ಒಂದೇ ಒಂದು ಉದಾಹರಣೆ ಬರೆಯಿರಿ. "ಚೊಲೋ ಅದ" ಅಂದವರಿಗೂ ಕಳಿಸಿ. ಮುಂದಿನ ಸಲ ಅವರಿಗೆ ಪ್ರಶ್ನೆ ಕೊಟ್ಟೇ ಕೇಳಿ.


ಬಿಸಿಲಕ್ಷರ, ಯಾದಗಿರಿ

ಬದಲಾವಣೆ ಚೆನ್ನಾಗಿ ಬಂದಿದೆ. ಕೊನೆಯ ವಾಕ್ಯದಲ್ಲಿ "ಅದ್ಭುತ" ಮತ್ತೆ ನುಸುಳಿದೆ. "ಆ ಮಣ್ಣು ಬೀದರ್ ಕೋಟೆಯದು" ಅನ್ನುವಲ್ಲಿ ನಿಲ್ಲಿಸಿ. ಬಿದರಿ ಅನ್ನುವ ಹೆಸರನ್ನು ಮೊದಲ ವಾಕ್ಯಕ್ಕೆ ತಂದರೆ ಸೇಡಂರಸ್ತೆಯವರ ಸಲಹೆಯೂ ಉಳಿಯುತ್ತದೆ.


ಚೌಬಾರಾ, ಬೀದರ್

"ಅಂಟಿಸಿ" ತಗೀರಿ. ಅಂಟು ಎಲ್ಲೂ ಹಚ್ಚಂಗಿಲ್ಲ. ಉಳಿಯಿಂದ ಕೊರೆದ ಸಂದಿಗೆ ತಂತಿ ಇಟ್ಟು ಸಣ್ಣ ಸುತ್ತಿಗ್ಯಾಗ ಬಡೀತಾರ, ಬೆಳ್ಳಿ ಮೆತ್ತಗ ಇರ್ತದ, ಸಂದಿ ತುಂಬ ಕಚ್ಚಿ ಕೂರ್ತದ. "ಬಡಿದು ಕೂರಿಸಿ" ಅನ್ರಿ.